ಇದು ಮಂಜೂರಾತಿಯ ಸೂಚನೆಯಲ್ಲ

ಆ ಪತ್ರ ತಾನಾಗೇ ಹೋಗುತ್ತೆ ಮಿಸ್ ಕೊವಾಲಿಕ್, ಅರ್ಜಿಗೆ ನಲವತ್ತರೊಳಗೆ ಅಂಕ ಬಂದ ಎಲ್ಲರಿಗೂ ಹೋಗುತ್ತೆ, ಕಂಪ್ಯೂಟರ್ ಕಳಿಸೋದು ಅದನ್ನ, ನಾವಲ್ಲ — ಎನ್ನುತ್ತಿದೆ ಫೋನಿನಲ್ಲಿ ಡಾಕ್ಟರ್ ಪ್ರೆಂಟಿಸ್‌ನ ದನಿ, ವಾಷಿಂಗ್ಟನ್ ಕಡೆಯ ಆ ಅನುದಾನದ ಕಚೇರಿಯ ದನಿ, ಒಳ್ಳೆಯ ದನಿ, ಸೂಜಿ ಚುಚ್ಚುವ ಮೊದಲು ನಾವು ಮಾಡಿಕೊಳ್ಳುವಂಥದು, ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಜನರ ಉಸಿರು ನೋಡಿಕೊಂಡವಳು ನಾನು, ನನಗೂ ಅದೇ ದನಿ ಇತ್ತು, ಅದಕ್ಕೇ ಮುಂದೇನು ಬರುತ್ತದೆಂದು ಗೊತ್ತಾಗಿಬಿಟ್ಟಿದೆ. ನಿಮ್ಮದು ಮೂವತ್ತೆಂಟು, ಈ ಸಲ ದುಡ್ಡು ಇಪ್ಪತ್ತೊಂಬತ್ತಕ್ಕೇ ಖಾಲಿ ಆಯ್ತು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು ಇಲ್ಲಿ, ಗಾಲ್ಫ್ ಥರ ಬಾಸ್, ಅಂದಿದ್ದ ನನ್ನ ಜೊತೆ ಕೆಲಸ ಮಾಡುವ ಎಮೆಟ್, ಜೀವಮಾನದಲ್ಲಿ ಗಾಲ್ಫ್ ಕೋಲು ಮುಟ್ಟದವನು. ಹಾಗಾದರೆ ಆಸ್ಪತ್ರೆಯ ಸಮಿತಿಯ ಒಪ್ಪಿಗೆ ಕಳಿಸಿ, ಬೇರೆಲ್ಲಿಂದ ನೆರವು ಬರ್ತಿದೆ ತಿಳಿಸಿ ಅಂತೆಲ್ಲ ಯಾಕೆ ಕೇಳಿದಿರಿ, ಅನ್ನುತ್ತಿದ್ದೇನೆ, ಹುಡುಗಿಯ ಬೆರಳಿನ ಅಳತೆ ತೆಗೆದುಕೊಂಡು ಹೋಗಿ ಉಂಗುರ ತರದವರ ಹಾಗೆ, ಇದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಪತ್ರದ ಕೊನೇಲಿ ಇದೆಯಲ್ಲ ಮಿಸ್ ಕೊವಾಲಿಕ್, ಇದು ಮಂಜೂರಾತಿಯ ಸೂಚನೆಯಲ್ಲ ಅಂತ. ಇದೆ. ಈಗ ಪರದೆಯ ಮೇಲೆ ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿಸಿದರೆ ಇದೆ, ಮದ್ದಿನ ಬಾಟಲಿಯ ಚೀಟಿಯನ್ನು ಎರಡೆರಡು ಸಲ ಓದದೆ ಮುಚ್ಚಳ ತೆಗೆಯದ ನಾನು ಇದೊಂದು ಸಾಲು ಓದಲಿಲ್ಲ. ನಾನು ಕೆಲಸ ಬಿಟ್ಟುಬಿಟ್ಟೆ ಡಾಕ್ಟರ್. ಮುಖ್ಯ ಸಂಶೋಧಕಿ ಅರ್ಧಕ್ಕಿಂತ ಹೆಚ್ಚು ಹೊತ್ತು ಅನುದಾನ ಪಡೆಯೋ ಸಣ್ಣ ಕಂಪನಿಯಲ್ಲೇ ದುಡೀಬೇಕು ಅಂತ ನಿಮ್ಮದೇ ನಿಯಮ ಅಲ್ವಾ, ಅದಕ್ಕೇ ಬಿಟ್ಟೆ. ಮಂಜೂರಾದ ಮೇಲೆ ಮಿಸ್ ಕೊವಾಲಿಕ್, ಅನ್ನುತ್ತಾನೆ, ಮೆತ್ತಗೆ, ಮಂಜೂರಾದ ಮೇಲೆ. ಏಪ್ರಿಲ್ ಐದಕ್ಕೆ ಇನ್ನೊಂದು ಸಲ ಅರ್ಜಿ ಹಾಕಿ, ನಿಮ್ಮ ಐಡಿಯಾ ಚೆನ್ನಾಗಿದೆ. ಏಪ್ರಿಲ್‌ನಲ್ಲಿ ಹಾಕಿದರೆ ಉತ್ತರ ಬರುವುದು ಚಳಿಗಾಲಕ್ಕೆ, ಆಸ್ಪತ್ರೆಯ ಕೆಲಸದ ಜೊತೆ ಬಂದ ನನ್ನ ಆರೋಗ್ಯ ವಿಮೆ ಮುಗಿಯುವುದು ಈ ತಿಂಗಳ ಕೊನೆಗೆ, ಥ್ಯಾಂಕ್ಸ್ ಡಾಕ್ಟರ್, ಅಂದೆ — ಅಂದೆನಲ್ಲ, ಥ್ಯಾಂಕ್ಸ್.

ಫೋನು ಇಟ್ಟಮೇಲೂ ಕಿವಿ ಬಿಸಿ. ಗಾಜಿನಾಚೆ, ನಮ್ಮ ಪುಟ್ಟ ಕಾರ್ಯಾಗಾರದಲ್ಲಿ, ಎಮೆಟ್ ಟಾಲಿವರ್ ಬೆನ್ನು ಹಾಕಿ ನಿಂತಿದ್ದಾನೆ, ರಬ್ಬರ್ ಕಲಸುತ್ತಿದ್ದಾನೆ, ಅರವತ್ತೆಂಟಾದರೂ ಬೆನ್ನು ಬಾಗಿಲ್ಲ, ಆಕ್ರನ್ನಿನ ಟೈರು ಕಾರ್ಖಾನೆ ಮುಚ್ಚುವ ತನಕ ಅಚ್ಚು ಕೆತ್ತಿದವನು, ಈಗ ಕೊರಳಪಟ್ಟಿಯ ಅಚ್ಚು ಕೆತ್ತುತ್ತಾನೆ, ಗಂಟಲಿಗೆ ತೂತು ಮಾಡಿ ಉಸಿರಿನ ನಳಿಗೆ ಹಾಕಿಸಿಕೊಂಡವರ ಕೊರಳಿಗೆ, ನಳಿಗೆ ಜಾರಿದರೆ ಪಟ್ಟಿ ಕಿರುಚುತ್ತದೆ, ಯಾಕೆಂದರೆ ಅವರು ಕಿರುಚಲಾರರು. ಅವನ ಹೆಂಡತಿ ವರ್ನೆಲ್ ಕಿರುಚಲಾಗದೆಯೇ ಹೋದದ್ದು, ನಮ್ಮ ವಾರ್ಡಿನಲ್ಲಿ, ಹಾಡುಹಗಲಲ್ಲಿ, ಪಕ್ಕದ ಹಾಸಿಗೆಯ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಯುತ್ತಿತ್ತು, ನಾನು ಎರಡು ಕೋಣೆ ಆಚೆ ಇದ್ದೆ. ಬೇರೆಯವನಾಗಿದ್ದರೆ ಕೋರ್ಟಿಗೆ ಹೋಗುತ್ತಿದ್ದ. ಇವನು ವಾರ ಬಿಟ್ಟು ಬಂದ, ಟೋಪಿ ಕೈಯಲ್ಲಿ ಹಿಡಿದು, ಅಮ್ಮಾ, ಅದಕ್ಕೊಂದು ಗಂಟೆ ಕಟ್ಟೋಕೆ ಆಗಲ್ವಾ, ದನಕ್ಕೂ ಕಟ್ತಾರಲ್ಲ ಅಂದ. ಅಲ್ಲಿಂದ ಶುರು. ಮೂರು ವರ್ಷ, ರಜೆಯ ದಿನವೆಲ್ಲ ಇಲ್ಲೇ, ಆಮೇಲೆ ಅರ್ಜಿ, ಅದಕ್ಕೆ ಮೂವರು ಪರಿಶೀಲಕರು, ಹೆಸರಿಲ್ಲದವರು, ಅವರಲ್ಲಿ ಮೂರನೆಯವರು ಬರೆದಿದ್ದರು, ಸಂಶೋಧಕಿಗೆ ಡಾಕ್ಟರೇಟ್ ಇಲ್ಲ, ಕಂಪನಿ ಎಂದರೆ ಇಬ್ಬರು, ಹೊಸತನ ಸಾಧಾರಣ. ಎಮೆಟ್ ಅದನ್ನು ಗಟ್ಟಿಯಾಗಿ ಓದಿ, ಆ ಮಹಾಶಯನಿಗೆ ಒಂದು ದಿನ ಉಸಿರು ಕಟ್ಟಲಿ, ಆಗ ಹೊಸತನ ಎಷ್ಟಿದೆ ಕೇಳೋಣ ಅಂದು ನಕ್ಕಿದ್ದ. ಅಷ್ಟರಲ್ಲಿ ಆ ಪತ್ರ ಬಂತು. ಅಂದೇ ಸಂಜೆ ಅಮ್ಮನ ವಾಲ್‌ನಟ್ ರೋಲ್ ಮಾಡಿದೆ, ಕ್ರಿಸ್‌ಮಸ್ಸಿಗಲ್ಲದೆ ಹಿಟ್ಟಿಗೆ ಕೈ ಹಾಕದವಳು ಸೆಪ್ಟೆಂಬರಿನಲ್ಲಿ ಮಾಡಿದೆ, ಇದೇ ಮೇಜಿನ ಮೇಲೆ ಕತ್ತರಿಸಿದೆ, ಎಮೆಟ್ ಪತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದ, ಎರಡು ತುಂಡು ತಿಂದ. ಮಾರನೆಯ ಬೆಳಿಗ್ಗೆ ಮೇಲ್ವಿಚಾರಕಿ ಗ್ಲೆಂಡಾಳ ಮೇಜಿನ ಮೇಲೆ ರಾಜೀನಾಮೆ, ಯೋಚನೆ ಮಾಡಿದೀಯೇನೇ, ನಿನ್ನ ಜಾಗ ಶುಕ್ರವಾರದೊಳಗೆ ತುಂಬ್ತಾರೆ ಅಂದಳು, ತುಂಬಲಿ ಬಿಡೇ ಅಂದೆ, ಎಷ್ಟು ಸಲೀಸಾಗಿ ಅಂದೆ.

ಈಗ ಅವನಿಗೆ ಹೇಳಬೇಕು. ಗಾಜಿನ ಬಾಗಿಲು ತಳ್ಳಿದರೆ ಗಂಧಕದ ವಾಸನೆ, ಓವನ್ನಿನ ಕಾವು, ಅವನು ತಿರುಗದೆಯೇ ಕೇಳುತ್ತಾನೆ, ಏನಂತೆ ಬಾಸ್. ಬರಲ್ಲವಂತೆ. ಹೂಂ. ಆ ಪತ್ರ ಎಲ್ಲರಿಗೂ ಹೋಗುತ್ತಂತೆ, ಕೊನೇಲಿ ಬರೆದೇ ಇತ್ತಂತೆ, ಮಂಜೂರಾತಿ ಅಲ್ಲ ಅಂತ. ಹೂಂ, ಅನ್ನುತ್ತಾನೆ ಮತ್ತೆ, ಅದೇ ದನಿಯಲ್ಲಿ, ಆಶ್ಚರ್ಯವೇ ಇಲ್ಲದ ಆ ಹೂಂ ನನ್ನ ಕಾಲು ಕಟ್ಟಿಹಾಕುತ್ತದೆ — ಎಮೆಟ್, ನೀನು ಓದಿದ್ದೆಯಾ. ಕಲಸುವ ಕೈ ನಿಲ್ಲುತ್ತದೆ. ಓದಿದ್ದೆ. ಯಾವಾಗ. ಅವತ್ತೇ, ನೀನು ರೋಲ್ ಕತ್ತರಿಸ್ತಿದ್ದಾಗ. ಬಾಯಿ ಇರಲಿಲ್ವಾ ನಿನಗೆ. ಅವನು ತಿರುಗಿದ್ದಾನೆ, ಮುಖದಲ್ಲಿ ಹಿಟ್ಟಿನಂಥ ಧೂಳು, ವರ್ನೆಲ್ ಹೋದಮೇಲೆ ನೀನು ಅಷ್ಟು ನಕ್ಕಿದ್ದು ನೋಡೇ ಇರಲಿಲ್ಲ ಆರ್ಡಿತ್, ಒಂದು ಸಂಜೆ ಇರಲಿ ಅಂದ್ಕೊಂಡೆ, ಬೆಳಿಗ್ಗೆ ಹೇಳೋಣ ಅಂತ, ಬೆಳಿಗ್ಗೆ ಎದ್ದವಳೇ ನೀನು ಕೆಲಸ ಬಿಟ್ಟು ಬರ್ತೀಯ ಅಂತ ನನಗೇನು ಗೊತ್ತು. ಆಮೇಲೆ? ಏಳು ವಾರ ಆಯ್ತಲ್ಲ ಎಮೆಟ್. ಆಮೇಲೆ ಹೇಳಿ ಏನು ಪ್ರಯೋಜನ, ಬಂದ್ರೂ ಬರಬಹುದು ಅಂದ್ಕೊಂಡೆ. ಏಳು ವಾರ, ಗಂಟಲಲ್ಲಿ ತೂತಿಲ್ಲದ ಮನುಷ್ಯ, ಮೊದಲನೆಯ ವಾರದಲ್ಲಿ ಹೇಳಿದ್ದರೆ, ಮೊದಲನೆಯ ಗುರುವಾರ ಹೇಳಿದ್ದರೆ ಕೂಡ ಗ್ಲೆಂಡಾಳ ಕಾಲು ಹಿಡಿಯುತ್ತಿದ್ದೆ, ನನಗಾಗಿ ಸುಮ್ಮನಿದ್ದ, ನನ್ನ ನಗುವಿಗಾಗಿ, ಅದಕ್ಕೆ ಸಿಟ್ಟು ಮಾಡುವುದಾದರೂ ಹೇಗೆ, ಮಾಡದಿರುವುದಾದರೂ ಹೇಗೆ —

ಓವನ್ ಟಿಂಗ್ ಎಂದಿತು. ಅವನು ದಪ್ಪ ಕೈಗವಸು ಹಾಕಿಕೊಂಡ, ಅಚ್ಚು ಬಿಚ್ಚಿದ, ಹೊಸ ಪಟ್ಟಿಯನ್ನು ಎಳೆದು ತೆಗೆದ, ಗುಳ್ಳೆ ಎದ್ದಿದೆಯೇ ನೋಡು ಎಂಬಂತೆ ದಿನಾ ಚಾಚುವ ಹಾಗೆ ನನ್ನ ಕಡೆಗೆ ಚಾಚಿದ, ನಾನು ಕೈ ಎತ್ತಲಿಲ್ಲ, ಅವನೂ ಇಳಿಸಲಿಲ್ಲ, ನಮ್ಮಿಬ್ಬರ ನಡುವೆ ಆ ಗವಸಿನ ಕೈ, ಅದರ ಮೇಲೆ ಬಿಸಿ ಪಟ್ಟಿ, ಆ ಕೈ.