ಬಡಗಿಯ ಹೆಂಡತಿ ಕಲಿತ ಭಾಷೆ

"ನೋವು ಅನ್ನೋದಕ್ಕೆ ನಿಮ್ಮ ಭಾಷೇಲಿ ಎಷ್ಟು ಪದ ಇದೆ ಮೇಡಂ?"

ಹಿಂದಿನ ಬೆಂಚಿನಿಂದ ಬಡಗಿಯ ಹೆಂಡತಿ ಕೇಳಿದಾಗ ಮಕ್ಕಳೆಲ್ಲ ತಿರುಗಿ ನೋಡಿದರು.

"ಮೂರು," ಅಂದಳು ಟೀಚರ್. "ಮೈಗೊಂದು, ಮನಸ್ಸಿಗೊಂದು, ಹಲ್ಲಿಗೇ ಬೇರೆ."

"ನಮ್ಮನೆಯವರಿಗೆ ಹಲ್ಲೇ ಇಲ್ಲ. ಎರಡು ಸಾಕು," ಎಂದು ಮುದುಕಿ ಬರೆದುಕೊಂಡಳು. ಮಕ್ಕಳು ನಕ್ಕರು.

ಆ ದ್ವಿಭಾಷಾ ಪರಂಪರೆ ಕೇಂದ್ರದ ಬಾಗಿಲಿಗೆ ಎರಡು ಬೋರ್ಡು: ಊರಭಾಷೆಯಲ್ಲೊಂದು, ವಲಸೆ ಬಂದವರ ಭಾಷೆಯಲ್ಲೊಂದು. ಒಳಗೆ ಕಾಗದ ಓದಿಸಿಕೊಳ್ಳಲು ಬಂದವರು, ಹಳೇ ಹಾಡು ರೆಕಾರ್ಡ್ ಮಾಡಿಸುವ ಮುದುಕರು. ಶನಿವಾರ, ಮನೆಮಾತು ಮರೆಯಬಾರದೆಂದು ಅಪ್ಪ ಅಮ್ಮ ಎಳೆತಂದು ಕೂರಿಸಿದ ಮಕ್ಕಳಿಗೆ ಪಾಠ. ಅವರ ನಡುವೆ, ಮೊಣಕಾಲು ಮಡಚಲಾಗದ ಅರವತ್ತೆಂಟರ ಈಕೆ.

ಬಡಗಿ ಹರೆಯದಲ್ಲಿ ಈ ಊರಿಗೆ ಬಂದವನು. ಇಲ್ಲಿಯವಳನ್ನೇ ಕಟ್ಟಿಕೊಂಡು, ನಲವತ್ತೈದು ವರ್ಷ ಊರಭಾಷೆಯಲ್ಲೇ ನಕ್ಕು, ಜಗಳವಾಡಿ ಸಂಸಾರ ಮಾಡಿದ್ದ. ಮಕ್ಕಳಾಗಲಿಲ್ಲ. ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಎಚ್ಚರವಾದಾಗ ಊರಭಾಷೆ ಪೂರ್ತಿ ಅಳಿಸಿಹೋಗಿತ್ತು. ತಾಯಿ ಕಲಿಸಿದ್ದಷ್ಟೇ ಉಳಿದಿತ್ತು. ಹೆಂಡತಿಗೆ ಅದರಲ್ಲಿ ಒಂದಕ್ಷರ ಬರುತ್ತಿರಲಿಲ್ಲ.

ನಾಲ್ಕು ತಿಂಗಳು ಪಟ್ಟುಹಿಡಿದು ಕಲಿತಳು. ನೀರು, ದಿಂಬು, ಬಿಸಿ, ಸಾಕು. ಅವನು ಉತ್ತರ ಕೊಡತೊಡಗಿದ. "ಬೆಟ್ಟ ಅಗೆದು ಇಲಿ ಹಿಡಿದೆ ಮೇಡಂ. ಇಲಿಯಾದ್ರೂ ಸಿಕ್ತಲ್ಲ!" ಎಂದು ಹಿಗ್ಗಿದಳು. ಆದರೆ ಈಚೆಗೆ ದಿನಾ ಸಂಜೆ ಅವನು ಒಂದೇ ಉದ್ದನೆಯ ಮಾತು ಹೇಳುತ್ತಿದ್ದ. ಅರ್ಥವಾಗದೆ, ಅಂದು ಪಾಠ ಮುಗಿದ ಮೇಲೆ ಟೀಚರನ್ನೇ ಮನೆಗೆ ಕರೆದೊಯ್ದಳು.

ಬಡಗಿ ಅದನ್ನೇ ಹೇಳಿದ. ಟೀಚರ್ ಕನ್ನಡಕ ತೆಗೆದು ಒರೆಸಿದಳು.

"ನೀರು ಬೇಕಂತೆ ಅಮ್ಮ."

"ನೀರು ಅನ್ನೋ ಪದ ನೀವೇ ಕಲಿಸಿದ್ದು. ಅವರು ಅದನ್ನ ಅನ್ನಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ."

ಟೀಚರ್ ನೆಲ ನೋಡಿದಳು. "'ಈ ತಾಯಿ ಯಾರೋ ಪಾಪ, ಚೆನ್ನಾಗಿ ನೋಡ್ಕೊಳ್ತಾರೆ. ಆದ್ರೆ ನನ್ನ ಹೆಂಡತಿ ಯಾಕೆ ಬರ್ತಿಲ್ಲ?' ಅಂತಾರೆ."

"ಅವಳು ನಾನೇ ಅಂತ ಹೇಳಿ."

ಟೀಚರ್ ಹೇಳಿದಳು. ಬಡಗಿ ಹೆಂಡತಿಯ ಮುಖವನ್ನೇ ನೋಡಿ, ಗುರುತು ಹತ್ತದೆ, ನಕ್ಕು ತಲೆಯಾಡಿಸಿ ಏನೋ ಅಂದ.

"'ಅವಳಿಗೆಲ್ಲಿ ನಮ್ಮ ಭಾಷೆ ಬರುತ್ತೆ? ಈಕೆ ಮಾತಾಡ್ತಾಳಲ್ಲ' ಅಂತ."

ಮುದುಕಿ ಮಂಚದ ಹತ್ತಿರ ಸರಿದಳು. "ರೀ, ನಾನು ಕಣ್ರೀ," ಎಂದು ಊರಭಾಷೆಯಲ್ಲಿ, ಹಳೆಯ ಜಗಳದ ಗತ್ತಿನಲ್ಲೇ ಕೂಗಿದಳು. ಪಕ್ಕದ ಮನೆಯ ರೇಡಿಯೋ ಕೇಳಿದಂತೆ ಅವನು ಕಿಟಕಿಯತ್ತ ನೋಡಿದ.

ಆಮೇಲೆ ಅವಳು ಚೀಲದಿಂದ ನೋಟ್‌ಬುಕ್ಕು, ಪೆನ್ಸಿಲ್ಲು ತೆಗೆದಳು.

"'ದಾರೀಲಿದ್ದಾಳೆ, ಬರ್ತಾಳೆ' ಅನ್ನೋದು ಹೇಗೆ ಮೇಡಂ?"

ಟೀಚರ್ ಎರಡು ಸಲ ಹೇಳಿಕೊಟ್ಟಳು. ಮುದುಕಿ ಬರೆದುಕೊಂಡು, ಬಾಯಲ್ಲೇ ಗುನುಗಿ, ಗಂಡನ ಕಿವಿಯ ಬಳಿ ಬಗ್ಗಿ, ಒಂದಕ್ಷರವೂ ತಪ್ಪದಂತೆ ನಿಧಾನವಾಗಿ ಹೇಳಿದಳು.

ಬಡಗಿಯ ಮುಖ ಅರಳಿತು. ಆಡುವ ಒಂದು ಕೈಯನ್ನು ಹಾಸಿಗೆಗೆ ಊರಿ, ಏದುಸಿರು ಬಿಡುತ್ತ, ಇಂಚಿಂಚಾಗಿ ಗೋಡೆಯ ಕಡೆಗೆ ಸರಿದ. ಅರ್ಧ ಮಂಚ ಖಾಲಿಯಾಯಿತು.