ಹೊರಗೆ ಹಾಕು, ಪ್ಲಂಕೆಟ್

ಓರಿನ್ ಪ್ಲಂಕೆಟ್‌ನ ಹೆಬ್ಬೆರಳು ನಮ್ಮ ಸಣ್ಣ ಲೀಗಿನಲ್ಲೆಲ್ಲ ಹೆಸರುವಾಸಿ. ಬೇಸ್‌ಬಾಲ್ ಅಂಪೈರ್ ಆದವನು ಬೈದವರನ್ನು ಹೆಬ್ಬೆರಳು ಬೀಸಿ ಮೈದಾನದಿಂದ ಹೊರಗೆ ಹಾಕಬಹುದು, ಒಪ್ಪಿದೆ. ಇವನು ಕೆಮ್ಮಿದವರನ್ನೂ ಹಾಕುತ್ತಿದ್ದ. ಒಮ್ಮೆ ಜನರನ್ನು ನಗಿಸಲು ಕೋಳಿ ವೇಷ ತೊಟ್ಟು ಕುಣಿಯುವವನನ್ನು ಹಾಕಿದ. ಅದಕ್ಕೆ ನಕ್ಕಳೆಂದು ಆಟದ ನಡುವೆ ಆರ್ಗನ್ ವಾದ್ಯ ನುಡಿಸುವ ಮುದುಕಿಯನ್ನೂ ಹಾಕಿದ. ಅವನ ಜೊತೆ ಒಂದೇ ಕಾರಿನಲ್ಲಿ ಅಯೋವಾ ರಾಜ್ಯದ ಊರೂರು ಅಲೆಯುತ್ತಿದ್ದ ಎರಡನೇ ಅಂಪೈರ್ ನಾನು. ಕಾರಿನಿಂದ ನನ್ನನ್ನೂ ಹೊರಗೆ ಹಾಕಿದ್ದುಂಟು.

ಆ ಸಂಜೆ ಮೇಲಿನ ಲೀಗಿಗೆ ಅಂಪೈರ್‌ಗಳನ್ನು ಆರಿಸುವ ಪರೀಕ್ಷಕ ಹ್ಯಾಲ್ವರ್ಸನ್ ಬಂದು ಕೂತಿದ್ದರು. ಮೇಲಕ್ಕೆ ಹೋಗಲು ಓರಿನ್‌ಗೆ ಅದೇ ಕೊನೆಯ ಅವಕಾಶ. ತಪ್ಪಿದರೆ ಮಾವನ ರತ್ನಗಂಬಳಿ ಅಂಗಡಿಯೇ ಗತಿ.

"ಇವತ್ತು ದೇವರೇ ಬಂದು ಬೈದ್ರೂ ಹಾಕಲ್ಲ ಕಣೋ," ಎಂದು ಬಲಗೈಯನ್ನು ಜೇಬಿಗೆ ತುರುಕಿಕೊಂಡ.

ಆಟ ಅರ್ಧವಾಗಿರಬೇಕು, ಊರ ತಂಡದ ಮ್ಯಾನೇಜರ್ ಸ್ಕಾಗ್ಸ್ ಎಗರಾಡುತ್ತಾ ಬಂದ. ಟೋಪಿ ಎಸೆದ, ಓರಿನ್‌ನ ಬೂಟಿನ ಮೇಲೆ ಮಣ್ಣು ಒದ್ದ. ಜಗಳ ಬಿಡಿಸೋಣವೆಂದು ಹತ್ತಿರ ಹೋದರೆ, ಸ್ಕಾಗ್ಸ್ ಪಿಸುದನಿಯಲ್ಲಿ ಆಡುತ್ತಿದ್ದ ಮಾತೇ ಬೇರೆ.

"ನಿನ್ ದಮ್ಮಯ್ಯ, ನನ್ನ ಹೊರಗೆ ಹಾಕು. ಪಕ್ಕದ ರಸ್ತೆ ಸ್ಕೂಲಲ್ಲಿ ಮೊಮ್ಮಗಳ ನಾಟಕ ಶುರುವಾಗ್ತಿದೆ. ಅದ್ರಲ್ಲಿ ಅವಳು ಕ್ಯಾರೆಟ್ಟು." ಕೈಗಳು ಗಾಳಿಗಿರಣಿಯ ಹಾಗೆ ತಿರುಗುತ್ತಲೇ ಇದ್ದವು. "ನಾನಾಗೇ ಎದ್ದು ಹೋದ್ರೆ ಮಾಲೀಕ ಕೆಲಸದಿಂದ ತೆಗೀತಾನೆ. ನೀನು ಹಾಕಿದ್ರೆ ಯಾರೂ ಕೇಳಲ್ಲ."

"ಆಗಲ್ಲಪ್ಪ. ಪರೀಕ್ಷಕರು ನೋಡ್ತಿದ್ದಾರೆ."

"ಹಂಗಾದ್ರೆ ಬೈತೀನಿ." ಸ್ಕಾಗ್ಸ್ ಎಲ್ಲರಿಗೂ ಕೇಳುವಂತೆ ದನಿ ಏರಿಸಿದ. "ಕುರುಡ."

"ಇರಬಹುದು."

"ಕೊಳೆತ ಕುಂಬಳಕಾಯಿ. ನಿನ್ ಹೆಂಡ್ತಿ ಮಾಡಿದ ಅಡಿಗೇನ ನಾಯೀನೂ ಮೂಸಲ್ಲ."

"ಅದು ನಿಜಾನೇ," ಎಂದ ಓರಿನ್. ಕಿವಿ ಕೆಂಪಾಗಿತ್ತು. ಜೇಬಿನೊಳಗೆ ಕೈ ಬೋನಿಗೆ ಬಿದ್ದ ಇಲಿಯಂತೆ ಒದ್ದಾಡುತ್ತಿತ್ತು.

ಸ್ಕಾಗ್ಸ್ ಮಣ್ಣಿನಲ್ಲೇ ಕುಸಿದು ಕೂತ. "ಅವಳಿಗಿರೋದು ಒಂದೇ ಮಾತು ಕಣಯ್ಯ. ಮನೇಲಿ ತಿಂಗಳಿಂದ ಅದನ್ನೇ ಹೇಳ್ತಿದ್ದಾಳೆ."

ನನಗೆ ತಡೆಯಲಾಗಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಒಂದು ನೊಣವನ್ನೂ ಹೊರಗೆ ಹಾಕದ ನಾನು ಹೆಬ್ಬೆರಳು ಬೀಸಿಬಿಟ್ಟೆ. ಸ್ಕಾಗ್ಸ್ ನನ್ನನ್ನು ತಬ್ಬಿಕೊಳ್ಳಲು ಬಂದವನು ಜನ ನೋಡುತ್ತಿರುವುದು ನೆನಪಾಗಿ, ಇನ್ನೊಮ್ಮೆ ಮಣ್ಣು ಒದ್ದು ಗೇಟಿನತ್ತ ಓಟ ಕಿತ್ತ.

ಆಟ ಮುಗಿದ ಮೇಲೆ ಹ್ಯಾಲ್ವರ್ಸನ್ ನಮ್ಮ ಕೋಣೆಗೆ ಬಂದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಓರಿನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕುಂಬಳಕಾಯಿ ಅಂದ್ರೂ ತಲೆ ಆಡಿಸ್ತೀಯಲ್ಲಯ್ಯ. ಮೇಲಿನ ಲೀಗಲ್ಲಿ ಸಾವಿರಾರು ಜನ ಸೇರಿ ಬೈತಾರೆ. ಬೆನ್ನುಮೂಳೆ ಇಲ್ಲದ ಅಂಪೈರು ನಮಗ್ಯಾಕೆ? ನಿನಗಿಂತ ಆ ಕೋಳಿ ವೇಷದೋನು ವಾಸಿ."

ಓರಿನ್‌ನ ಕೈ ತಾನಾಗಿಯೇ ಜೇಬಿನಿಂದ ಹಾರಿ ಬಂತು. ಹೆಬ್ಬೆರಳು ಬಾಗಿಲು ತೋರಿಸಿತು.

"ಹೊರಗೆ."

ಹ್ಯಾಲ್ವರ್ಸನ್ ಒಂದು ಕಾಲದಲ್ಲಿ ಆಟಗಾರರು. ಹೆಬ್ಬೆರಳು ಕಂಡರೆ ಹೊರನಡೆಯುವ ಅಭ್ಯಾಸ ಬಿಡುತ್ತದೆಯೇ? ಗೊಣಗುತ್ತಾ, ನೆಲ ಒದೆಯುತ್ತಾ ಹೊರಟೇ ಹೋದರು. ಬಾಗಿಲು ಮುಚ್ಚಿಕೊಂಡ ಮೇಲೆ ಓರಿನ್‌ಗೆ ತಾನು ಮಾಡಿದ್ದು ತಿಳಿಯಿತು. "ಮುಗೀತು ಕಣೋ. ಇನ್ನು ರತ್ನಗಂಬಳಿನೇ," ಎಂದು ಬೆಂಚಿನ ಮೇಲೆ ಕೂತು ಅತ್ತ.

ಆಗ ಯಾರೋ ಬಾಗಿಲು ತಟ್ಟಿದರು.

"ಪ್ಲಂಕೆಟ್, ಸೋಮವಾರ ಬಂದು ಮೇಲಿನ ಲೀಗಿಗೆ ಸೇರ್ಕೋ," ಎಂದಿತು ಹ್ಯಾಲ್ವರ್ಸನ್ನರ ದನಿ. "ಈಗ ಒಳಗೆ ಬರ್ಲಾ? ನನ್ನ ಟೋಪಿ ಅಲ್ಲೇ ಇದೆ."

ಓರಿನ್ ಕಣ್ಣೊರೆಸಿಕೊಂಡು ಎದ್ದು ನಿಂತ.

"ಇಲ್ಲ ಸಾರ್. ಹೊರಗೆ ಹಾಕಿಸ್ಕೊಂಡೋರು ಇವತ್ತು ಒಳಗೆ ಬರೋ ಹಾಗಿಲ್ಲ," ಎಂದು ಟೋಪಿಯನ್ನು ಕಿಟಕಿಯಿಂದ ಆಚೆಗೆ ಚಾಚಿದ.