ಮೇಲಿನ ಬೀದಿಯ ನಲ್ಲಿ

"ಆ ಮನೆಯೊಂದಕ್ಕೆ ಪೈಪು ಹಾಕ್ಬೇಡಿ ಅಂದ್ರೆ," ಎಂದಳು ಹೆಂಡತಿ.

ಊರಿಗೆಲ್ಲ ನೀರು ಬಿಡುವ ನೀರುಗಂಟಿಯ ಕೈತುತ್ತು ಬಾಯಿಯ ಹತ್ತಿರವೇ ನಿಂತಿತು. "ಮಗಳ ಮನೆ ಕಣೇ ಅದು!"

"ಅದಕ್ಕೇ ಹೇಳ್ತಿರೋದು."

ಮನೆಮನೆಗೂ ನಲ್ಲಿ ಬರುತ್ತದೆಂದು ಊರಿನ ಹೆಂಗಸರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇವಳಿಗೊಬ್ಬಳಿಗೆ ಎದೆ ಒಡೆದಿತ್ತು. ಮಗಳನ್ನು ಅದೇ ಊರಿನ ಮೇಲಿನ ಬೀದಿಗೆ ಕೊಟ್ಟು, ಕಣ್ಣೆದುರಿಗೇ ಇರುತ್ತಾಳೆಂದು ಹಿಗ್ಗಿದ್ದಷ್ಟೇ ಬಂತು. ಹೊಲದ ಬದುವಿನ ಮೇಲೆ ಬೀಗರ ನಡುವೆ ಜಗಳ ಹತ್ತಿ, ಸೊಸೆ ತವರಿನ ಹೊಸಿಲು ತುಳಿಯಕೂಡದೆಂದು ಅತ್ತೆಯ ಅಪ್ಪಣೆಯಾಯಿತು. ಉಳಿದದ್ದು ಬೀದಿ ನಲ್ಲಿ ಮಾತ್ರ. ನೀರು ತರಬೇಡ ಎನ್ನಲು ಯಾವ ಅತ್ತೆಗೆ ತಾನೇ ಆದೀತು? ಬೆಳಗಾದರೆ ತಾಯಿ ಮಗಳಿಬ್ಬರೂ ಅಲ್ಲಿ ಕೊಡ ಇಟ್ಟು, ಹಿಂದಿನವರಿಗೆಲ್ಲ ಸರದಿ ಬಿಟ್ಟುಕೊಡುತ್ತ ಮಾತಿಗೆ ನಿಲ್ಲುತ್ತಿದ್ದರು. "ನಿಮ್ಮ ಕೊಡಕ್ಕೆ ತಳ ಇದೆಯೋ ಇಲ್ವೋ?" ಎಂದು ಹೆಂಗಸರು ಛೇಡಿಸುತ್ತಿದ್ದರು.

ನೀರುಗಂಟಿ ಹೆಂಡತಿಯ ಕಣ್ಣೀರಿಗೆ ಸೋತ. ಮೇಲಿನ ಬೀದಿಯಲ್ಲಿ ಆ ಒಂದು ಮನೆಯ ಮುಂದೆ ಅಗೆತ ನಿಲ್ಲಿಸಿ, "ಅಡಿಯಲ್ಲಿ ಬಂಡೆ ಇದೆ, ಆಮೇಲೆ ನೋಡೋಣ," ಎಂದುಬಿಟ್ಟ. ಜನ್ಮದಲ್ಲಿ ಸುಳ್ಳಾಡದ ಮನುಷ್ಯ, ಹೇಳುವಾಗ ಬೀಗಿತ್ತಿಯ ಮುಖ ನೋಡಲಿಲ್ಲ.

ಮಿಕ್ಕವರಿಗೆಲ್ಲ ಮನೆಯಲ್ಲೇ ನೀರು ಬಂದಮೇಲೆ ಬೀದಿ ನಲ್ಲಿಗೆ ಬರುವವರು ಇಬ್ಬರೇ. ತಾಯಿಗೆ ಸ್ವರ್ಗ ಮೂರೇ ಗೇಣು. ಆದರೆ ಮಗಳ ಹೊಟ್ಟೆ ದಿನದಿನಕ್ಕೆ ಮುಂದೆ ಬರುತ್ತಿತ್ತು. ತಾಯಿ ತುಂಬಿದ ಕೊಡವನ್ನು ಬೀದಿಯ ತಿರುವಿನವರೆಗೆ ಹೊತ್ತು ತರುತ್ತಿದ್ದಳು. ಅಲ್ಲಿಂದಾಚೆ ಅತ್ತೆಯ ಕಣ್ಣು.

ಒಂದು ಬೆಳಗ್ಗೆ ಮಗಳು ಬಂದವಳೇ ಸೊಂಟಕ್ಕೆ ಕೈಯಿಟ್ಟು ಕಟ್ಟೆಯ ಮೇಲೆ ಕುಸಿದಳು.

"ಅಮ್ಮಾ, 'ನಿಮ್ಮಪ್ಪ ಹಗೆ ಸಾಧಿಸೋಕೆ ಪೈಪು ಹಾಕಿಲ್ಲ' ಅಂತ ಅತ್ತೆ ದಿನಾ ಅಂತಾರೆ. ನಾನೂ ಬಿಡಲ್ಲ. ನಮ್ಮಪ್ಪ ಅಂಥೋರಲ್ಲ ಅಂತ ಜಗಳ ಆಡ್ತೀನಿ. ನಿನ್ನೆ ಅದಕ್ಕೇ ಊಟಾನೂ ಬಿಟ್ಟೆ." ತಲೆಯೆತ್ತಿ ಕೇಳಿದಳು, "ಬಂಡೆ ಇರೋದು ನಿಜ ತಾನೇ?"

"ನಿಜ ಕಣೇ," ಎಂದಳು ತಾಯಿ. ಹೆತ್ತ ಮಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಆ ಗಳಿಗೆಯಲ್ಲಿ ತನ್ನ ಮೇಲೆ ಅವಳಿಗೆ ಹುಟ್ಟಿದಷ್ಟು ಹೇಸಿಗೆ ಬೀಗಿತ್ತಿಯ ಮೇಲೂ ಎಂದೂ ಹುಟ್ಟಿರಲಿಲ್ಲ.

ಮನೆಗೆ ಬಂದವಳೇ ಗುದ್ದಲಿಯನ್ನು ಗಂಡನ ಮುಂದಿಟ್ಟಳು. "ಬಂಡೆ ಒಡೀತು ಅಂತ ಹೇಳಿ. ಈಗಲೇ ಹಾಕ್ಬಿಡಿ."

"ಮತ್ತೆ ನೀನು?"

"ಹೋಗಿ ಅಂದೆನಲ್ಲ!"

ಅವನು ಹಿಂದಿರುಗಿದಾಗ ಹೊತ್ತು ಇಳಿದಿತ್ತು. ಅವಳು ಬಾಗಿಲಲ್ಲೇ ಕಾದಿದ್ದಳು.

"ನೀರು ಬಂತು," ಎಂದ.

"ಅವಳ ಮುಖ ಹೇಗಿತ್ತು?"

"ಅವರತ್ತೆ ಪಕ್ಕದಲ್ಲೇ ನಿಂತಿದ್ರು. ನಾನು ತಲೆ ಎತ್ತಲಿಲ್ಲ. ಅವಳ ಕಾಲಷ್ಟೇ ಕಂಡೆ." ಅವನು ಜಗಲಿಯ ಮೇಲೆ ಕೂತ. "ಊದ್ಕೊಂಡಿದೆ."

"ಎಷ್ಟು?"

ನೀರುಗಂಟಿ ಮಣ್ಣು ಮೆತ್ತಿದ ಎರಡೂ ಕೈಗಳನ್ನು ದುಂಡಗೆ ಹಿಡಿದು ತೋರಿಸಿದ. ಅವಳು ಎದುರಿಗೆ ಕುಕ್ಕರಿಸಿ, ಅವನ ಕೈಗಳ ನಡುವಿನ ಬರಿ ಗಾಳಿಯನ್ನು ಮಗಳ ಕಾಲೆಂಬಂತೆ ಮೆಲ್ಲಗೆ ನೀವತೊಡಗಿದಳು. ಅವನು ಕೈ ಅಲುಗಿಸಲಿಲ್ಲ.